ಹಣದ ಬದಲು ಹಗ್ಗ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಾಲೇಜು ಹುಡುಗರಿಗೆ ಷೇಕ್ಸ್‌ಪಿಯರ್ ಎಂದರೆ ಪರೀಕ್ಷೆಯ ದಿಗಿಲು ಹುಟ್ಟುವುದುಂಟು. ಆದರೆ ಅವನ ‘ಕಾಮಿಡಿ ಆಫ್ ಎರರ್ಸ್’ ಕನ್ನಡಕ್ಕೆ ಹಳೆಯ ನೆಂಟ. 1871ರಲ್ಲಿ ಚನ್ನಬಸಪ್ಪನವರು ಅದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿಸಿದರು, 1997ರಲ್ಲಿ ಅದೇ ಎಳೆ ‘ಉಲ್ಟಾ ಪಲ್ಟಾ’ ಸಿನಿಮಾ ಆಯಿತು.

ನಾಟಕದ ನಾಲ್ಕನೇ ಅಂಕವನ್ನೇ ನೋಡಿ. ಚಿನ್ನದ ಸರದ ಬಾಕಿಗೆ ಸೆರೆಸಿಕ್ಕ ಯಜಮಾನ ಹಣ ತರಲು ಆಳನ್ನು ಮನೆಗೆ ಅಟ್ಟುತ್ತಾನೆ. ಹೋದವನು ನೋಡಲು ಒಂದೇ ತರಹದ ಅವಳಿ ಆಳುಗಳಲ್ಲಿ ಒಬ್ಬ. ಬಂದು ನಿಂತವನು ಇನ್ನೊಬ್ಬ, ಕೈಯಲ್ಲಿ ಹಗ್ಗ! ಯಜಮಾನನಿಗೆ ಕೋಪ, ಆಳಿಗೆ ಏಟು, ನೋಡುವವರಿಗೆ ನಗು.

ದೊಡ್ಡಾಟದಲ್ಲಿ ರಾಜನನ್ನೇ ತಮಾಷೆಯಾಗಿ ಪ್ರಶ್ನಿಸುವ ಸಾರಥಿಯನ್ನು ಕಂಡವರಿಗೆ ಈ ಆಳು ಹೊಸಬನಲ್ಲ. ತರಗತಿಯಲ್ಲಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ, ಯಾವ ಅವಳಿ ಯಾರೆಂಬ ಗೊಂದಲ ನೋಟ್ಸ್ ಇಲ್ಲದೆಯೇ ಬಗೆಹರಿಯುತ್ತದೆ.