ಫ್ಲಾಟ್ ಅಡ ಇಟ್ಟು ಮಾಡಿದ ಆಲ್ಬಂ

ಈ ವಾರ ಸ್ವಲ್ಪ ಹಳೇ ಆಲ್ಬಂ ಒಂದನ್ನ ಎತ್ಕೊಂಡಿದ್ದೀನಿ. ಇಂಗ್ಲೆಂಡಿನ ಇಮೋಜೆನ್ ಹೀಪ್ ಅವರ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’. 2005ರ ಜುಲೈನಲ್ಲಿ ಬಂದ ಎಲೆಕ್ಟ್ರಾನಿಕ್ ಪಾಪ್ ಆಲ್ಬಂ, 12 ಹಾಡು. ಯಾಕೆ ಈಗ ಅಂದ್ರೆ, ಈ ಪಾಡ್‌ಕಾಸ್ಟ್ ಕೇಳೋ ಹುಡುಗ ಹುಡುಗಿಯರಲ್ಲಿ ರೂಮಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಮ್ಯೂಸಿಕ್ ಮಾಡೋರು ತುಂಬಾ ಜನ ಇದ್ದಾರೆ. ಅವರು ಕಳಿಸೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಸಾಲ ಮಾಡಿ ಆಲ್ಬಂ ಮಾಡ್ಲಾ? ನಾನು ಓದಿದ್ದು ಬಿ.ಕಾಂ. ರಾಗದ ಬಗ್ಗೆ ಕೇಳಿದ್ರೆ ತಲೆ ಕೆರ್ಕೋತೀನಿ, ಸಾಲದ ಬಗ್ಗೆ ಆದ್ರೆ ಎರಡು ಮಾತು ಹೇಳಬಲ್ಲೆ.

ಹೀಪ್ ಅವರ ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಮೊದಲ ಆಲ್ಬಂ ‘ಐ ಮೆಗಾಫೋನ್’ 1998ರಲ್ಲಿ ಬಂತು. ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ಹಿಂದೆ ಮುಂದೆ ಮಾಡಿದ್ರೆ ಅವರ ಹೆಸರೇ ಸಿಗುತ್ತೆ, ಬೇಕಾದ್ರೆ ಬರೆದು ನೋಡಿ. ಅದನ್ನು ತಂದ ಆಲ್ಮೋ ಸೌಂಡ್ಸ್ ಅನ್ನೋ ಲೇಬಲ್ ಯೂನಿವರ್ಸಲ್‌ಗೆ ಮಾರಾಟವಾಯಿತು, ಇವರ ಒಪ್ಪಂದ ಅಲ್ಲಿಗೇ ಮುಗಿಯಿತು. ಆಮೇಲೆ ಗೈ ಸಿಗ್ಸ್‌ವರ್ತ್ ಜೊತೆ ಸೇರಿ ‘ಫ್ರೂ ಫ್ರೂ’ ಹೆಸರಿನಲ್ಲಿ 2002ರಲ್ಲಿ ‘ಡೀಟೇಲ್ಸ್’ ಅಂತ ಒಂದು ಆಲ್ಬಂ. ಅದು ಐಲ್ಯಾಂಡ್ ರೆಕಾರ್ಡ್ಸ್‌ನಿಂದ ಬಂತು. ಅಂದ್ರೆ ಎರಡು ಸಲ ದೊಡ್ಡ ಕಂಪನಿಗಳ ಒಳಗೆ ಹೋಗಿ ಬಂದವರು.

ಮೂರನೇ ಸಲ ಅವರು ಯಾವ ಕಂಪನಿ ಬಾಗಿಲೂ ತಟ್ಟಲಿಲ್ಲ. ಲಂಡನ್‌ನಲ್ಲಿದ್ದ ಸ್ವಂತ ಫ್ಲಾಟನ್ನು ಮತ್ತೆ ಅಡಮಾನಕ್ಕಿಟ್ಟು ದುಡ್ಡು ಎತ್ತಿದರು. ನಮ್ಮ ಬ್ಯಾಂಕ್‌ಗಳಲ್ಲಿ ಮನೆ ಮೇಲೆ ಟಾಪ್-ಅಪ್ ಲೋನ್ ಅಂತ ಕೊಡ್ತಾರಲ್ಲ, ಹೆಚ್ಚುಕಮ್ಮಿ ಅದೇ. ಮೆಗಾಫೋನಿಕ್ ಅನ್ನೋ ಸ್ವಂತ ಲೇಬಲ್ ಮಾಡಿಕೊಂಡರು. ಇಲ್ಲಿವರೆಗಿನ ಕಥೆ ಎಲ್ಲರೂ ಹೇಳ್ತಾರೆ, ಕೇಳೋಕೆ ರೋಮಾಂಚನ ಆಗುತ್ತೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅವರು ಮಾಡಿದ ಇನ್ನೊಂದು ಕೆಲಸ. ಒಂದು ಹಾಡೂ ಮುಗಿಯುವ ಮೊದಲೇ, ಸರಿಯಾಗಿ ಒಂದು ವರ್ಷ ಆಚೆಗೆ, 2004ರ ಡಿಸೆಂಬರ್‌ಗೆ ಮಾಸ್ಟರಿಂಗ್ ದಿನ ಬುಕ್ ಮಾಡಿಟ್ಟರು. ಮಾಸ್ಟರಿಂಗ್ ಅಂದ್ರೆ ಬಿಡುಗಡೆಗೆ ಮುಂಚೆ ಧ್ವನಿಯನ್ನ ಕೊನೇ ಸಲ ಹದ ಮಾಡೋದು. ಆ ದಿನಕ್ಕೆ ಆಲ್ಬಂ ರೆಡಿ ಇರಲೇಬೇಕು. ಸಾಲದ ಬಡ್ಡಿ ದಿನಾ ಓಡುತ್ತಿರುತ್ತೆ, ಕಲಾವಿದರ ಕೆಲಸ ಓಡುತ್ತೆ ಅನ್ನೋಕೆ ಆಗಲ್ಲ. ಅದಕ್ಕೇ ಈ ಗಡುವು. ಸಾಲ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಮುಗಿಸೋ ತಾರೀಖು ಹಾಕ್ಕೊಂಡವರು ಕಮ್ಮಿ.

ಇನ್ನೊಂದು ಲೆಕ್ಕ. ಹಾಡು ಬರೆಯೋದು, ಹಾಡೋದು, ಪ್ರೋಗ್ರಾಮಿಂಗ್, ರೆಕಾರ್ಡಿಂಗ್, ಮಿಕ್ಸಿಂಗ್, ಬಹುತೇಕ ಎಲ್ಲ ಅವರೇ. ಪೂರ್ತಿ ಒಂಟಿಯಾಗಿ ಅಂತ ಹೇಳಿದ್ರೆ ತಪ್ಪಾಗುತ್ತೆ, ‘ಗುಡ್‌ನೈಟ್ ಅಂಡ್ ಗೋ’ದಲ್ಲಿ ಗಿಟಾರ್ ನುಡಿಸಿದ್ದು ಜೆಫ್ ಬೆಕ್, ಅಷ್ಟು ದೊಡ್ಡ ಹೆಸರು. ಆದರೆ ಪ್ರೊಡ್ಯೂಸರ್‌ಗೆ ಇಷ್ಟು, ಎಂಜಿನಿಯರ್‌ಗೆ ಇಷ್ಟು ಅಂತ ಪ್ರತಿ ತಿಂಗಳು ಕೊಡಬೇಕಾದ ಸಂಬಳ ಉಳಿಯಿತು. ಅವರ ನಿಜವಾದ ಬಂಡವಾಳ ಆ ಕೈಕೆಲಸ. ಮುಂದೆ 2009ರ ‘ಎಲಿಪ್ಸ್’ ಆಲ್ಬಂಗೆ ಗ್ರ್ಯಾಮಿ ಬಂದದ್ದೂ ಎಂಜಿನಿಯರಿಂಗ್ ವಿಭಾಗದಲ್ಲಿ.

ಈಗ ‘ಹೈಡ್ ಅಂಡ್ ಸೀಕ್’. ಈ ಹಾಡಿನಲ್ಲಿ ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಗಿಟಾರ್ ಇಲ್ಲ. ಕೇಳಿಸೋದೆಲ್ಲ ಒಬ್ಬರದೇ ದನಿ. ಸ್ಟುಡಿಯೋದ ಕಂಪ್ಯೂಟರ್ ಕೈಕೊಟ್ಟಿತ್ತು. ಏನೂ ಮಾಡದೆ ಮನೆಗೆ ಹೋಗೋಕೆ ಮನಸ್ಸಿಲ್ಲ. ಒಂದು ಹಾರ್ಮನೈಸರ್ ಪೆಟ್ಟಿಗೆಗೆ ಮೈಕ್ ಸಿಕ್ಕಿಸಿ, ಕೀಬೋರ್ಡ್ ಜೋಡಿಸಿ, ಸಣ್ಣ ಮಿನಿಡಿಸ್ಕ್ ರೆಕಾರ್ಡರ್ ಮೇಲೆ ಹಾಡಿದರು. ನಾವು ಹಾಡಿದ ದನಿಯನ್ನ ಆ ಪೆಟ್ಟಿಗೆ ಕೀಬೋರ್ಡಲ್ಲಿ ಒತ್ತಿದ ಸ್ವರಗಳಿಗೆಲ್ಲ ಹಂಚಿಕೊಡುತ್ತೆ. ಹಾಗಾಗಿ ಒಂದು ಬಾಯಿಂದ ನಾಲ್ಕಾರು ಜನ ಒಟ್ಟಿಗೆ ಹಾಡಿದ ಹಾಗೆ ಕೇಳುತ್ತೆ. ಉಸಿರು ಎಳೆದುಕೊಳ್ಳೋದು ಕೂಡ ಕೇಳಿಸುತ್ತೆ, ಪಕ್ಕದಲ್ಲೇ ಯಾರೋ ಕೂತ ಹಾಗೆ. ರಾತ್ರಿ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಲ್ಲಿ ಒಂದ್ಸಲ ಕೇಳಿ ನೋಡಿ.

2005ರ ಮೇನಲ್ಲಿ, ಅಂದ್ರೆ ಆಲ್ಬಂ ಬರೋಕೆ ಎರಡು ತಿಂಗಳು ಮುಂಚೆ, ಅಮೆರಿಕದ ‘ದಿ ಓ.ಸಿ.’ ಅನ್ನೋ ಧಾರಾವಾಹಿಯ ಎರಡನೇ ಸೀಸನ್‌ನ ಕೊನೇ ಕಂತಿನಲ್ಲಿ ಈ ಹಾಡು ಬಂತು. ಜನ ಹುಡುಕಿಕೊಂಡು ಬಂದರು. ಆಮೇಲೆ ಅಮೆರಿಕದಲ್ಲಿ ದೊಡ್ಡ ಕಂಪನಿ ಆರ್‌ಸಿಎ ವಿಕ್ಟರ್ ಆಲ್ಬಂ ಅನ್ನು ಲೈಸೆನ್ಸ್ ಮೇಲೆ ಪಡೆದು ಅದೇ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಲೈಸೆನ್ಸ್ ಅನ್ನೋ ಪದಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಮನೆ ಮಾರೋದು ಬೇರೆ, ಲೀಸ್‌ಗೆ ಕೊಡೋದು ಬೇರೆ. ಆಲ್ಬಂ ಮುಗಿಸಿ ಕೈಯಲ್ಲಿ ಹಿಡಿದು ಮಾತಿಗೆ ಕೂತವರಿಗೂ, ಅಡ್ವಾನ್ಸ್‌ಗೋಸ್ಕರ ಕೂತವರಿಗೂ ಸಿಗೋ ಒಪ್ಪಂದ ಒಂದೇ ಥರ ಇರಲ್ಲ.

ಈ ಹಕ್ಕಿನ ವಿಚಾರ ನಮ್ಮಲ್ಲಿ ತುಂಬಾ ಜನಕ್ಕೆ ಗೊಂದಲ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತೆ. ಸಾಹಿತ್ಯ ಮತ್ತು ಸಂಯೋಜನೆ ಸೈಟ್ ಇದ್ದ ಹಾಗೆ, ರೆಕಾರ್ಡಿಂಗ್ ಅದರ ಮೇಲೆ ಕಟ್ಟಿದ ಮನೆ. ಯಾರಾದರೂ ನಿಮ್ಮ ರೆಕಾರ್ಡಿಂಗ್‌ನ ತುಣುಕು ತಗೊಂಡು ಹೊಸ ಹಾಡು ಮಾಡಿದರೆ ಎರಡಕ್ಕೂ ಅನುಮತಿ ಬೇಕು. 2009ರಲ್ಲಿ ಜೇಸನ್ ಡೆರೂಲೊ ‘ಹೈಡ್ ಅಂಡ್ ಸೀಕ್’ನ ತುಣುಕು ಇಟ್ಟು ಮಾಡಿದ ‘ವಾಚಾ ಸೇ’ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ನಂಬರ್ 1 ಆಯಿತು, ಹಾಡು ಬರೆದವರ ಪಟ್ಟಿಯಲ್ಲಿ ಹೀಪ್ ಹೆಸರಿದೆ. 2018ರಲ್ಲಿ ಅರಿಯಾನಾ ಗ್ರಾಂಡೆ ‘ಗುಡ್‌ನೈಟ್ ಅಂಡ್ ಗೋ’ವನ್ನು ತಮ್ಮ ಥರ ಹಾಡಿದಾಗಲೂ ಅಷ್ಟೇ. 2024ರ ಕೊನೆಗೆ ಆಲ್ಬಂನ ಮೊದಲ ಹಾಡು ‘ಹೆಡ್‌ಲಾಕ್’ ಟಿಕ್‌ಟಾಕ್‌ನಲ್ಲಿ ಹರಡಿತು. ಆ ಹಾಡು ಬಂದಾಗ ಹುಟ್ಟೇ ಇರದ ಮಕ್ಕಳು ಅದಕ್ಕೆ ವಿಡಿಯೋ ಮಾಡ್ತಿದ್ರು.

ನಮ್ಮ ದೇಶದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಸಾಹಿತಿ ಮತ್ತು ಸಂಯೋಜಕರು ತಮ್ಮ ರಾಯಲ್ಟಿ ಪಾಲನ್ನು ಬರೆದುಕೊಟ್ಟುಬಿಡೋಕೆ ಬರಲ್ಲ, ಸಿನಿಮಾ ಅಲ್ಲದ ಹಾಡಿಗೂ ಇದು ಅನ್ವಯ. ಆದ್ರೆ ಈ ರಕ್ಷಣೆ ಸೈಟ್‌ಗೆ. ಮನೆಯನ್ನ, ಅಂದ್ರೆ ರೆಕಾರ್ಡಿಂಗ್ ಹಕ್ಕನ್ನ, ಒಂದು ಸಹಿಯಲ್ಲಿ ಕಳ್ಕೋಬಹುದು.

ಹಾಗಾದ್ರೆ ಸಾಲ ಮಾಡ್ಲಾ ಅಂತ ಕೇಳಿದವರಿಗೆ ನನ್ನ ಉತ್ತರ. ಹೀಪ್ ಹತ್ರ ಅಡ ಇಡೋಕೆ ಸ್ವಂತದ್ದು ಅಂತ ಒಂದು ಫ್ಲಾಟ್ ಇತ್ತು. ನಿಮ್ಮದಲ್ಲದ್ದನ್ನ, ಅಪ್ಪನ ಸೈಟು, ಅಮ್ಮನ ಬಳೆ, ಇದಕ್ಕೆ ಎಳೆಯಬೇಡಿ. 2004ರಲ್ಲಿ ದುಡ್ಡು ಕೇಳ್ತಿದ್ದ ಅರ್ಧ ಕೆಲಸ ಇವತ್ತು ನಿಮ್ಮ ಲ್ಯಾಪ್‌ಟಾಪ್ ಮಾಡುತ್ತೆ. ಮೊದಲು ಮಿಕ್ಸಿಂಗ್ ಕಲೀರಿ. ಬೀಟ್ ಮಾಡಿಕೊಟ್ಟ ಗೆಳೆಯನ ಪಾಲು ಎಷ್ಟು ಅಂತ ಇವತ್ತೇ ವಾಟ್ಸಾಪ್‌ನಲ್ಲಾದ್ರೂ ಬರೆದಿಟ್ಕೊಳ್ಳಿ, ಹಾಡು ಓಡಿದ ಮೇಲೆ ಆ ಮಾತು ತೆಗೆಯೋದು ಕಷ್ಟ. ಹಾಡನ್ನು ಆ್ಯಪ್‌ಗಳಿಗೆ ಹಾಕಿಕೊಡೋ ಕಂಪನಿಯ ಒಪ್ಪಂದದಲ್ಲಿ ರೆಕಾರ್ಡಿಂಗ್ ಯಾರದ್ದು, ಎಷ್ಟು ವರ್ಷಕ್ಕೆ ಅನ್ನೋ ಎರಡು ಸಾಲು ಹುಡುಕಿ ಓದಿ. ಆಮೇಲೆ ಕ್ಯಾಲೆಂಡರ್ ತೆಗೆದು ಮಾಸ್ಟರಿಂಗ್‌ಗೆ ಒಂದು ದಿನ ಗುರುತು ಹಾಕಿ, ಆ ದಿನಾಂಕ ನನಗೂ ಮೆಸೇಜ್ ಮಾಡಿ. ಜ್ಞಾಪಿಸೋ ಕೆಲಸ ನನಗಿರಲಿ.