ಗರಿಯ ಅಡಿಯಲ್ಲಿ ಬೆಳ್ಳಗೆ ಕಂಡರೆ

ತುಮಕೂರು ಜಿಲ್ಲೆಯ ಕಡಬ, ಗುಬ್ಬಿ, ಕುಣಿಗಲ್ ಕಡೆಯ ತೋಟಗಳಲ್ಲಿ ತೆಂಗಿನ ಅಡಿಯ ಬಾಳೆ ಎಲೆ ಮಸಿ ಬಳಿದಂತೆ ಕಪ್ಪಾಗಿದ್ದರೆ, ಬಾಳೆಗೆ ರೋಗ ಬಂತೆಂದು ಔಷಧಿ ತರಲು ಹೊರಡಬೇಡಿ. ಮೊದಲು ತಲೆಯೆತ್ತಿ ತೆಂಗು ನೋಡಿ. ಕೆಳಸುತ್ತಿನ ಗರಿಯೊಂದನ್ನು ಬಗ್ಗಿಸಿ ಅಡಿಭಾಗ ತಿರುವಿ. ಅಲ್ಲಿ ಬಿಳಿ ಮೇಣದ ಎಳೆಗಳು ಸುರುಳಿ ಸುರುಳಿಯಾಗಿ ಅಂಟಿದ್ದರೆ ಅದು ಸುರುಳಿ ಬಿಳಿ ನೊಣದ ಗುರುತು. ಗರಿಯ ರಸ ಹೀರುವ ಈ ಕೀಟ ಸಿಹಿಯಾದ ಅಂಟು ಸುರಿಸುತ್ತದೆ. ಕೆಳಗಿನ ಎಲೆಗಳ ಮೇಲೆ ಬಿದ್ದ ಅಂಟಿನಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ.

ಇದು ಮಧ್ಯ ಅಮೆರಿಕದ ಕೀಟ. ನಮ್ಮ ದೇಶದಲ್ಲಿ ಮೊದಲು ಗುರುತಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆಯ ತೆಂಗಿನಲ್ಲಿ. ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿಯೆಂದರೆ, ಇದರ ಬೆನ್ನಲ್ಲೇ ಇದರ ಶತ್ರುವೂ ಬಂದಿತ್ತು. ಎನ್‌ಕಾರ್ಸಿಯಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ, ಯಾರೂ ತಂದು ಬಿಡದಿದ್ದರೂ, ಬಿಳಿ ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತಿತ್ತು. ಗರಿಯ ಅಡಿಯಲ್ಲಿರುವ ಬಿಳಿ ನೊಣದ ಕೋಶಗಳು ಕಪ್ಪಾಗಿ, ದುಂಡನೆಯ ತೂತು ಬಿದ್ದಿದ್ದರೆ ಕಣಜ ಕೆಲಸ ಮಾಡುತ್ತಿದೆ. ಆಗ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜವೇ. ರಭಸವಾಗಿ ನೀರು ಹಾಯಿಸಿ ಗರಿ ತೊಳೆಯುವುದು ಮೇಲು. ಈ ಕಣಜದಂತೆಯೇ ನಮಗೆ ನೆರವಾಗುವ, ಪಾರ್ಥೇನಿಯಂ ಗಿಡದ ಎಲೆ ತಿನ್ನುವ, ಕಂದು ಪಟ್ಟೆಯ ದುಂಬಿಯನ್ನೂ ದಯವಿಟ್ಟು ಕೊಲ್ಲಬೇಡಿ. ಅದನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಆ ಕಳೆಯ ನಿಯಂತ್ರಣಕ್ಕೆಂದೇ.

ಹೊಸ ಹುಳು ಕಂಡಾಗ ಸುಮ್ಮನಿರಬಾರದೇಕೆ? 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಸುಳಿಯಲ್ಲಿ ಕೃಷಿ ವಿಜ್ಞಾನಿಗಳು ಒಂದು ಲದ್ದಿ ಹುಳು ಕಂಡರು. ತಲೆಯ ಮೇಲೆ ತಿರುಗುಮುರುಗಾದ ವೈ ಅಕ್ಷರದ ಗುರುತು, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅದುವರೆಗೆ ಏಷ್ಯಾದಲ್ಲಿ ಕಾಣದಿದ್ದ ಫಾಲ್ ಸೈನಿಕ ಹುಳು ಅದು. ಅದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಹೀಗಾಗಿ ಅದು ಬಲುಬೇಗ ದೇಶದ ಉದ್ದಗಲಕ್ಕೂ ಹರಡಿತು. ಇಂಥ ಕೀಟದ ವಿಷಯದಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ.

ಗುರುತು ಸಿಗದ ಹುಳುವನ್ನೋ ಗಿಡವನ್ನೋ ಕಂಡರೆ ಹತ್ತಿರದಿಂದಲೂ ದೂರದಿಂದಲೂ ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿರಲಿ. ಊರು, ಬೆಳೆ, ದಿನಾಂಕ ಬರೆದಿಡಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಿ. ತೆಂಗು, ಅಡಿಕೆಯಾದರೆ ತೋಟಗಾರಿಕೆ ಇಲಾಖೆಗೆ ಹೋಗಿ. ತುಮಕೂರು ಜಿಲ್ಲೆಯ ಹಿರೇಹಳ್ಳಿ ಮತ್ತು ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551. ಹುಳು ಹಿಡಿದ ಗರಿಯನ್ನು ಮಾತ್ರ ತೆರೆದ ಗಾಡಿಯಲ್ಲಿ ಹೊತ್ತೊಯ್ಯಬೇಡಿ, ಅಂಥ ತೋಟದ ಸಸಿಯನ್ನು ಬೇರೆ ಊರಿಗೆ ಕಳಿಸಬೇಡಿ.