ಬೋಂಡನ ಗಂಟು

ಹಿನಕಲ್‌ನ ನಮ್ಮನೆ ಮಹಡಿ ರೂಮಿಂದ ಮಾತಾಡ್ತಿದೀನಿ. ಮಧ್ಯೆ ಹುಣಸೂರು ರಸ್ತೆ ಬಸ್ಸಿನ ಹಾರ್ನ್ ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಹಳೇ ಎಪಿಸೋಡ್‌ಗಳಲ್ಲಿ ಕರಕರ ಅಂತ ಇನ್ನೊಂದು ಸದ್ದೂ ಬರ್ತಿತ್ತು. ನಮ್ಮ ಬೋಂಡ ಚಕ್ರ ಓಡಿಸೋ ಸದ್ದು ಅದು. ಯಾಕೆ ನಿಂತೋಯ್ತು ಅಂತ ಕೆಲವರು ಕೇಳಿದ್ರಿ. ಇವತ್ತು ಅದನ್ನೇ ಹೇಳ್ತೀನಿ.

ಬೋಂಡ ನಮ್ಮನೆ ಹ್ಯಾಮ್‌ಸ್ಟರ್. ಸಿರಿಯನ್ ಜಾತಿ, ಗಂಡು. ಇವುಗಳ ಆಯಸ್ಸೇ ಎರಡರಿಂದ ಮೂರು ವರ್ಷ, ಹಾಗಾಗಿ ಎರಡು ತುಂಬಿದ ಬೋಂಡ ಆಗ್ಲೇ ಮುದುಕ. ಒಂದಿನ ಕೈಗೆತ್ಕೊಂಡಾಗ ಮುಂಗಾಲಿನ ಸಂದಿಯಲ್ಲಿ ಹೆಸರುಕಾಳಿನಷ್ಟು ಗಂಟು ಸಿಕ್ತು.

ಸುಮ್ನಿದ್ದುಬಿಟ್ಟೆ. ಅದಕ್ಕೂ ಒಂದು ವರ್ಷ ಮುಂಚೆ ಅವನ ಸೊಂಟದ ಎರಡೂ ಕಡೆ ಕಪ್ಪು ಮಚ್ಚೆ ನೋಡಿ, ಕ್ಯಾನ್ಸರ್ ಅಂತ ಗಾಬರಿಬಿದ್ದು ಆಟೋ ಹಿಡಿದು ಡಾಕ್ಟರ ಹತ್ರ ಓಡಿದ್ದೆ. 'ಅದು ವಾಸನೆ ಗ್ರಂಥಿ ಕಣಪ್ಪ, ಈ ಜಾತೀಲಿ ಇದ್ದೇ ಇರುತ್ತೆ' ಅಂತ ಅವರು ನಕ್ಕಿದ್ರು. ಗಂಡುಗಳ ಹಿಂಭಾಗ ಊದಿದ ಹಾಗೆ ಕಾಣೋದೂ ಕಾಯಿಲೆ ಅಲ್ವಂತೆ, ಅದು ಬೀಜ. ಕೆನ್ನೆ ಉಬ್ಬಿದ್ರೆ ಕಾಳು ತುಂಬ್ಕೊಂಡಿರುತ್ತೆ. ಆದ್ರೆ ದಿನ ಕಳೆದ್ರೂ ಇಳೀದಿದ್ರೆ ಒಳಗೆ ಸಿಕ್ಕಿಹಾಕ್ಕೊಂಡಿರಬಹುದು, ಕೀವು ಆಗಿರಬಹುದು, ಅದನ್ನ ತೋರಿಸ್ಬೇಕು. ಇಷ್ಟೆಲ್ಲ ಕೇಳಿಸ್ಕೊಂಡು ಬಂದಿದ್ದವನು, ಮತ್ತೆ ನಗೆಪಾಟಲಾಗೋದು ಬೇಡ ಅಂತ ಕೂತೆ. ಅಮ್ಮ ಗಂಟಿಗೆ ಅರಿಶಿನ ಹಚ್ಚಿದ್ರು. ಅವನು ನೆಕ್ಕಿ ಮೂತಿ ಹಳದಿ ಮಾಡ್ಕೊಂಡ, ಅಷ್ಟೇ. ಎರಡು ವಾರದಲ್ಲಿ ಹೆಸರುಕಾಳು ಅವರೆಕಾಳಾಯ್ತು.

ಹಳೇ ಡಾಕ್ಟರು ಊರು ಬಿಟ್ಟಿದ್ರು. ಬೇರೆ ಕ್ಲಿನಿಕ್‌ಗೆ ಹೋದ್ರೆ 'ಇಲಿಗೆಲ್ಲ ನೋಡಲ್ಲ' ಅಂದ್ರು. ಅದಕ್ಕೇ ಹೇಳ್ತೀನಿ, ಹೊರಡೋ ಮುಂಚೆ ಫೋನ್ ಮಾಡಿ ಕೇಳಿ. ಕೊನೆಗೆ ಸಿಕ್ಕ ಡಾಕ್ಟರು ಸೂಜೀಲಿ ಗಂಟಿಂದ ಒಂದು ಹನಿ ಎಳೆದು ಗಾಜಿನ ಮೇಲೆ ಹರಡಿ ನೋಡಿದ್ರು. ಕೀವು ಬಂದಿದ್ರೆ ಶುಚಿ ಮಾಡಿ ಔಷಧಿ ಕೊಡ್ಬಹುದಿತ್ತು. ಬರ್ಲಿಲ್ಲ. ಗಡ್ಡೆ ಅಂದ್ರು. ಮನೇಲಿ ಉಳಿದ ಆಂಟಿಬಯಾಟಿಕ್ ಕೊಟ್ಟಿಲ್ಲ ತಾನೇ ಅಂತಾನೂ ಕೇಳಿದ್ರು. ಅಮಾಕ್ಸಿಸಿಲಿನ್ ತರದ್ದು ಇವುಗಳ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಕೊಂದು ಪ್ರಾಣಾನೇ ತೆಗೀಬಹುದಂತೆ. ಹಿಂದಿನ ದಿನ ನಾನು ಅದೇ ಮಾತ್ರೆ ಪುಡಿ ಮಾಡೋಣ ಅಂತಿದ್ದೆ. ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ಮನ್ನುತ್ತೆ.

ಆಪರೇಷನ್ ಮಾಡ್ಬಹುದು. ಆದ್ರೆ 128 ಗ್ರಾಂ ಜೀವ. ಅರಿವಳಿಕೆ ಕೊಟ್ರೆ ಮೈ ಬೇಗ ತಣ್ಣಗಾಗುತ್ತೆ, ಸ್ವಲ್ಪ ರಕ್ತ ಹೋದ್ರೂ ಅದಕ್ಕೆ ಜಾಸ್ತಿ. ವಯಸ್ಸು ಕಮ್ಮಿ ಇದ್ದು ಗಂಟು ಸಣ್ಣದಿದ್ರೆ ಮಾಡಿಸು ಅಂತಿದ್ದೆ ಅಂದ್ರು. 'ಎರಡು ವಾರ ಮುಂಚೆ ಬಂದಿದ್ರೆ ಸರ್?' ಅಂತ ಕೇಳ್ದೆ. ಅವರು ಕೈ ತೊಳ್ಕೊಳ್ಳೋಕೆ ಹೋದ್ರು.

ಆಪರೇಷನ್ ಬೇಡ ಅಂದೆ. ನೋವಿಗೆ ಹನಿ ಔಷಧಿ ಬರ್ಕೊಟ್ರು. ಬೋಂಡನ ಚಕ್ರ ತೆಗೆದೆ, ನೀರಿನ ಬಾಟಲಿ ಕೆಳಗಿಳಿಸಿದೆ, ಕಾಳು ನೆನೆಸಿ ಕೊಟ್ಟೆ. ಬಿಕಾಂ ಓದಿದವನಲ್ವಾ, ಲೆಕ್ಕಾನೂ ಇಟ್ಟೆ. ದಿನಾ ರಾತ್ರಿ ಅಡುಗೆಮನೆ ತಕ್ಕಡಿ ಮೇಲೆ ಡಬ್ಬಿ ಇಟ್ಟು, ಅದರೊಳಗೆ ಅವನನ್ನ ಕೂರಿಸಿ ತೂಕ ಬರ್ಕೊಳ್ತಿದ್ದೆ. 128, 129, 131. ಚೇತರಿಸ್ಕೊಳ್ತಿದಾನೆ ಅಂತ ಖುಷಿಯಾಯ್ತು. ಬೆನ್ನು ಸವರಿದಾಗ ಮೂಳೆ ಕೈಗೆ ಸಿಕ್ತು. ಅವನು ಕರಗ್ತಿದ್ದ, ತೂಕ ಏರಿಸ್ತಿದ್ದದ್ದು ಗಡ್ಡೆ! ತಕ್ಕಡಿ ಜೊತೆ ಬೆನ್ನನ್ನೂ ಮುಟ್ಟಿ ನೋಡಿ ಅಂತ ನನಗೆ ಯಾರೂ ಹೇಳಿರ್ಲಿಲ್ಲ.

ಐದನೇ ವಾರ ಗಂಟಿನ ಚರ್ಮ ಒಡೀತು. ಮಾರನೇ ಬೆಳಿಗ್ಗೆ ಅವನು ಸೌತೆಕಾಯಿ ಮೂಸಿ ಕೂಡ ನೋಡ್ಲಿಲ್ಲ. ಅಮ್ಮಾನೇ ಅಂದ್ರು, 'ಸಾಕು ಕಣೋ, ಇನ್ನು ನರಳಿಸ್ಬೇಡ. ಡಾಕ್ಟರಿಗೆ ಫೋನ್ ಮಾಡು.' ಮೊದಲು ಅರಿವಳಿಕೆ ಗಾಳಿ, ನಿದ್ದೆ ಬಂದ್ಮೇಲೆ ಇಂಜೆಕ್ಷನ್. ನನ್ನ ಅಂಗೈಲೇ ಮಲಗಿದ್ದ.

ಹಿತ್ತಲ ದಾಸವಾಳದ ಬುಡದಲ್ಲಿ ಇದಾನೆ. ತಕ್ಕಡೀನ ಅಮ್ಮ ತೊಳೆದು ಒರೆಸಿ ಮೇಲಿನ ಶೆಲ್ಫ್‌ಗೆ ಎತ್ತಿಟ್ರು. ಇವತ್ತಿನವರೆಗೂ ಕೆಳಗಿಳಿಸಿಲ್ಲ.